ಏರಿಯ ಮೇಲಿನ ಲೆಕ್ಕ: ಬೆಂಗಳೂರು ಗ್ರಾಮಾಂತರದಲ್ಲಿ ಹಕ್ಕಿ ದಾಖಲೆಯ ಇತಿಹಾಸ

1986ರಲ್ಲಿ ಹಳೆಯ ಬೆಂಗಳೂರು ಜಿಲ್ಲೆಯನ್ನು ಎರಡಾಗಿ ವಿಂಗಡಿಸಿದಾಗ ರೂಪುಗೊಂಡ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ, 2007ರಲ್ಲಿ ರಾಮನಗರ ಬೇರ್ಪಟ್ಟ ಮೇಲೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಉಳಿದವು. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕಡೆಯಿಂದ ಹೆಸರಘಟ್ಟಕ್ಕೂ, ಅದೇ ಸಾಲಿನಿಂದ ಇಳಿಯುವ ದಕ್ಷಿಣ ಪಿನಾಕಿನಿ ಹೊಸಕೋಟೆಯ ಕಡೆಗೂ, ಶಿವಗಂಗೆಯ ಕುಮುದ್ವತಿ ನೆಲಮಂಗಲದ ಸೀಮೆಯ ಮೂಲಕ ತಿಪ್ಪಗೊಂಡನಹಳ್ಳಿಗೂ ಸಾಗುವ ದಾರಿಯಲ್ಲಿ, ಒಂದರ ಕೋಡಿಯ ನೀರು ಮತ್ತೊಂದನ್ನು ತುಂಬಿಸುವ ಕೆರೆಗಳ ಸರಪಳಿಗಳು ಹಬ್ಬಿವೆ. ಮಹಾನಗರ ಈ ಕೆರೆಗಳತ್ತ ಬೆಳೆಯುತ್ತ ಬಂದಂತೆ ಇಲ್ಲಿನ ಹಕ್ಕಿಗಳನ್ನು ಎಣಿಸಿ ಬರೆದಿಡುವ ಹವ್ಯಾಸವೂ ಬೆಳೆಯಿತು. ವೃತ್ತಿಯಿಂದ ವಿಜ್ಞಾನಿಗಳಲ್ಲದ ಸಾಮಾನ್ಯ ಜನ ಸೇರಿ ಮಾಹಿತಿ ಕಲೆಹಾಕುವ ಈ ಕ್ರಮಕ್ಕೆ ಇಂದು ನಾಗರಿಕ ವಿಜ್ಞಾನ ಎನ್ನುತ್ತಾರೆ. ಅಪರೂಪದ ಹಕ್ಕಿಯೊಂದನ್ನು ಒಮ್ಮೆ ಕಂಡ ಸುದ್ದಿಗಿಂತ, ಸಾಮಾನ್ಯ ಹಕ್ಕಿಗಳನ್ನು ಒಂದೇ ಜಾಗದಲ್ಲಿ ವರ್ಷವರ್ಷವೂ ಎಣಿಸಿದ ಲೆಕ್ಕವೇ ನೆಲದ ಚರಿತ್ರೆಗೆ ಹೆಚ್ಚು ಬೆಲೆಯುಳ್ಳದ್ದು ಎಂಬುದು ಈ ಹವ್ಯಾಸದ ಇತಿಹಾಸದಿಂದ ಸ್ಪಷ್ಟವಾಗುತ್ತದೆ.

ಈ ಸೀಮೆಯ ಕೆರೆಗಳ ಬಗೆಗಿನ ಹಳೆಯ ಬರಹಗಳು ನೀರಿಗೂ ದಾನಕ್ಕೂ ಸಂಬಂಧಿಸಿದವು. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ (1905) ಬೆಂಗಳೂರು ಜಿಲ್ಲೆಯ ಶಾಸನಗಳು ಅಚ್ಚಾದಾಗ, ಈ ತಾಲ್ಲೂಕುಗಳ ಕಲ್ಲುಬರಹಗಳು ಒಂದೆಡೆ ಓದಲು ದೊರೆತವು. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯಲ್ಲಿ ಸಂಚರಿಸಿದ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಫ್ರಾನ್ಸಿಸ್ ಬುಕಾನನ್ ದೊಡ್ಡಬಳ್ಳಾಪುರವನ್ನೂ ಹಾದುಹೋಗಿ ಬೇಸಾಯ, ನೀರಾವರಿ ಮತ್ತು ಕಸುಬುಗಳನ್ನು ವಿವರವಾಗಿ ಬರೆದನು. ಹಕ್ಕಿಗಳ ಕ್ರಮಬದ್ಧ ಸಮೀಕ್ಷೆಗೆ ಮೈಸೂರು ಸಂಸ್ಥಾನ 1939–40ರವರೆಗೆ ಕಾಯಬೇಕಾಯಿತು. ಆಗ ಸಲೀಂ ಅಲಿ ಅವರು ನಡೆಸಿದ ಸಮೀಕ್ಷೆಯ ಫಲವು ‘ದಿ ಬರ್ಡ್ಸ್ ಆಫ್ ಮೈಸೂರ್’ ಎಂಬ ಲೇಖನಮಾಲೆಯಾಗಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1942–43ರಲ್ಲಿ ಪ್ರಕಟವಾಯಿತು. ಇವೆಲ್ಲವೂ ಒಬ್ಬ ಪಂಡಿತ ಅಥವಾ ಒಬ್ಬ ಅಧಿಕಾರಿ ಹಾದುಹೋಗುವಾಗ ಮಾಡಿದ ದಾಖಲೆಗಳಾದ್ದರಿಂದ, ಯಾವ ಹಕ್ಕಿ ಎಲ್ಲಿತ್ತು ಎಂಬುದು ಹೆಚ್ಚೆಂದರೆ ಅವುಗಳಿಂದ ತಿಳಿಯುತ್ತದೆಯೇ ಹೊರತು ವರ್ಷದಿಂದ ವರ್ಷಕ್ಕೆ ಹೆಚ್ಚಿತೋ ತಗ್ಗಿತೋ ಎಂಬುದು ತಿಳಿಯುವುದಿಲ್ಲ.

ಅಂಥ ನಿರಂತರ ತಿಳಿವಳಿಕೆ ಇದ್ದದ್ದು ಊರಿನವರಲ್ಲಿ. ತೂಬು ತೆರೆದು ಗದ್ದೆಗಳಿಗೆ ನೀರು ಹಂಚುತ್ತಿದ್ದ ನೀರಗಂಟಿ, ಕೆರೆಯಂಗಳದಲ್ಲಿ ದನ ಕುರಿ ಮೇಯಿಸುತ್ತಿದ್ದವರು, ಬಲೆ ಬೀಸುತ್ತಿದ್ದವರು ಇವರೆಲ್ಲರಿಗೂ ಕೆರೆ ದಿನನಿತ್ಯದ ಪರಿಚಯವಾಗಿತ್ತು. ಆ ಅರಿವು ಬಾಯಿಂದ ಬಾಯಿಗೆ ಬಂದದ್ದಾದ್ದರಿಂದ, ಕೊಳವೆಬಾವಿಗಳು ಹೆಚ್ಚಿ ಕೆರೆ ನೀರಾವರಿ ಹಿಂದೆ ಸರಿದು ನೀರಗಂಟಿಯ ಕೆಲಸವೇ ಕ್ಷೀಣಿಸಿದಾಗ, ಅದರ ಬಹುಪಾಲು ಬರಹಕ್ಕೆ ಇಳಿಯದೆಯೇ ಹೋಯಿತು.

ಜನರೇ ಕೂಡಿ ಹಕ್ಕಿಗಳನ್ನು ಎಣಿಸುವ ಪದ್ಧತಿಗೆ ಅಮೆರಿಕದಲ್ಲಿ ದೊರೆತ ಆರಂಭ ಸಣ್ಣದು. 1900ರ ಕ್ರಿಸ್‌ಮಸ್ ದಿನ, ಹಬ್ಬದ ಬೇಟೆಗೆ ಬದಲಾಗಿ ಹಕ್ಕಿಗಳನ್ನು ಎಣಿಸೋಣ ಎಂಬ ಫ್ರಾಂಕ್ ಚಾಪ್ಮನ್ ಅವರ ಕರೆಗೆ 27 ಜನರು 25 ಸ್ಥಳಗಳಲ್ಲಿ ಓಗೊಟ್ಟರು. ಭಾರತದಲ್ಲಿ ಜಾಫರ್ ಫತೇಹಲ್ಲಿ ಅವರು 1960ರಲ್ಲಿ ಮುಂಬಯಿಯಿಂದ ಆರಂಭಿಸಿದ ‘ನ್ಯೂಸ್‌ಲೆಟರ್ ಫಾರ್ ಬರ್ಡ್‌ವಾಚರ್ಸ್’ ದೂರದೂರದ ಹವ್ಯಾಸಿಗಳನ್ನು ಪರಸ್ಪರ ಬೆಸೆಯಿತು. ಬೆಂಗಳೂರಿನಲ್ಲಿ 1970ರ ದಶಕದಲ್ಲಿ ಜೋಸೆಫ್ ಜಾರ್ಜ್ ಮೊದಲಾದವರು ಕಟ್ಟಿದ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್, ಸದಸ್ಯರ ಟಿಪ್ಪಣಿಗಳನ್ನು ಒಟ್ಟುಗೂಡಿಸಿ, ಜಾರ್ಜ್ ಅವರ ಸಂಪಾದಕತ್ವದಲ್ಲಿ ಬೆಂಗಳೂರಿನ ಹಕ್ಕಿಗಳ ಸಟಿಪ್ಪಣಿ ಪಟ್ಟಿಯನ್ನು 1994ರಲ್ಲಿ ಹೊರತಂದಿತು. ಈ ವೀಕ್ಷಕರು ನಗರದ ಎಲ್ಲೆಗೆ ನಿಲ್ಲದೆ ಅದರ ಸುತ್ತಲಿನ ಕೆರೆಗಳನ್ನೂ ಹುಲ್ಲುಗಾವಲುಗಳನ್ನೂ ಸುತ್ತಿದರು.

1987ರಲ್ಲಿ ಏಷ್ಯಾದ ನೀರಹಕ್ಕಿ ಗಣತಿ ಆರಂಭವಾದದ್ದು ಮುಖ್ಯವಾದ ತಿರುವು. ಮಧ್ಯ ಏಷ್ಯಾ ಮತ್ತು ಇನ್ನೂ ಉತ್ತರದ ಸೀಮೆಗಳಿಂದ ವಲಸೆ ಬಂದ ಬಾತುಗಳು ಚಳಿಗಾಲದ ನೆಲೆಗಳಲ್ಲಿ ತಳವೂರಿರುವ ಜನವರಿಯಲ್ಲಿ, ಎಲ್ಲ ಕಡೆಯೂ ಹೆಚ್ಚುಕಡಿಮೆ ಏಕಕಾಲಕ್ಕೆ ಎಣಿಸುವುದು ಈ ಗಣತಿಯ ಕ್ರಮ. ಎಣಿಸುವವರು ಬಿಸಿಲು ಬೆನ್ನಿಗೆ ಬೀಳುವಂತೆ ಏರಿಯ ಮೇಲೆ ನಿಂತು, ಕಣ್ಣಳತೆಯ ನೀರನ್ನು ಗುರುತುಗಳ ಆಧಾರದಿಂದ ಭಾಗಗಳಾಗಿ ವಿಂಗಡಿಸಿಕೊಳ್ಳುತ್ತಾರೆ. ತೂಬಿನ ಬಳಿಯ ಆಳ ನೀರಿನಲ್ಲಿ ನೀರುಕಾಗೆ ಮತ್ತು ಗುಳುಮುಳುಕಗಳನ್ನೂ, ಹಿನ್ನೀರಿನ ತೆಳುನೀರಿನಲ್ಲಿ ಮೆಟ್ಟುಗಾಲು ಹಕ್ಕಿ ಮತ್ತು ಬಣ್ಣದ ಕೊಕ್ಕರೆಗಳನ್ನೂ ಒಂದೊಂದಾಗಿ ಎಣಿಸಬಹುದು. ಆದರೆ ನಡುನೀರಿನಲ್ಲಿ ಒತ್ತೊತ್ತಾಗಿ ತೇಲುವ ನಾಮದ ಕೋಳಿಗಳಿಗೂ ಸೂಜಿಬಾಲದ ಬಾತುಗಳಿಗೂ, ಮೊದಲು ಹತ್ತು ಹಕ್ಕಿಗಳ ಗುಂಪು ಎಷ್ಟು ಜಾಗ ಹಿಡಿಯುತ್ತದೆ ಎಂದು ನೋಡಿ, ಅದೇ ಅಳತೆಯಿಂದ ಇಡೀ ಹಿಂಡನ್ನು ಅಂದಾಜಿಸಬೇಕಾಗುತ್ತದೆ. ಹೊಸಕೋಟೆ ಕೆರೆಯಂಥ ವಿಶಾಲ ಜಲಾಶಯದಲ್ಲಿ ಈ ಕೆಲಸಕ್ಕೆ ದೂರದರ್ಶಕವೂ ಬೇಕು, ಒಬ್ಬರು ಎಣಿಸಿ ಹೇಳಿದ್ದನ್ನು ಬರೆದುಕೊಳ್ಳಲು ಮತ್ತೊಬ್ಬರೂ ಬೇಕು. ಸ್ವಯಂಸೇವಕರ ಇಂಥ ಗಣತಿಗಳ ಹಿನ್ನೆಲೆಯಲ್ಲಿ ಎಂ. ಬಿ. ಕೃಷ್ಣ, ಬಿ. ಕೆ. ಚಕ್ರಪಾಣಿ ಮತ್ತು ಟಿ. ಎಸ್. ಶ್ರೀನಿವಾಸ ಅವರು, ಬೆಂಗಳೂರಿನ ಹಾಗೂ ಅದರ ಸುತ್ತಮುತ್ತಲಿನ ಕೆರೆಗಳ ನೀರಿನ ಗುಣ ಮತ್ತು ನೀರಹಕ್ಕಿಗಳ ಸ್ಥಿತಿಯನ್ನು ಕುರಿತು ಸಿದ್ಧಪಡಿಸಿದ ವರದಿಯನ್ನು ರಾಜ್ಯ ಅರಣ್ಯ ಇಲಾಖೆ 1996ರಲ್ಲಿ ಪ್ರಕಟಿಸಿತು.

ಮುಂದಿನ ತಿರುವು ಅಂತರ್ಜಾಲದಿಂದ ಬಂದಿತು. 2007ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ ಆರಂಭವಾದ ‘ಮೈಗ್ರಂಟ್‌ವಾಚ್’, ವಲಸೆ ಹಕ್ಕಿಗಳು ಎಂದು ಬಂದವು, ಎಂದು ಮರಳಿದವು ಎಂಬುದನ್ನು ಜನರಿಂದಲೇ ಕೇಳಿ ಕಲೆಹಾಕಿತು. ಅಮೆರಿಕದಲ್ಲಿ 2002ರಲ್ಲಿ ಹುಟ್ಟಿದ ‘ಇ-ಬರ್ಡ್’ ಮುಂದಿನ ದಶಕದಲ್ಲಿ ಇಲ್ಲಿಯೂ ವ್ಯಾಪಕ ಬಳಕೆಗೆ ಬಂದಿತು. ಅದರ ಸತ್ವವಿರುವುದು ಸಂಪೂರ್ಣ ಪಟ್ಟಿ ಎಂಬ ಕಲ್ಪನೆಯಲ್ಲಿ: ವೀಕ್ಷಕರು ಎಷ್ಟು ಹೊತ್ತು ನೋಡಿದರು, ಎಷ್ಟು ದೂರ ನಡೆದರು ಎಂಬುದರ ಜೊತೆಗೆ, ಗುರುತಿಸಿದ ಪ್ರತಿಯೊಂದು ಜಾತಿಯ ಹಕ್ಕಿಯನ್ನೂ, ಕಾಗೆ ಮೈನಾಗಳನ್ನು ಬಿಡದೆ, ಬರೆಯಬೇಕು. ಹಾಗೆ ಬರೆದಾಗ ಮಾತ್ರ, ಪಟ್ಟಿಯಲ್ಲಿ ಇಲ್ಲದ ಹೆಸರೂ ಅರ್ಥವುಳ್ಳದ್ದಾಗುತ್ತದೆ. ನೂರು ಪಟ್ಟಿಗಳಲ್ಲಿ ಹಿಂದೆ ಅರುವತ್ತರಲ್ಲಿ ಕಾಣುತ್ತಿದ್ದ ಹಕ್ಕಿ ಈಗ ಇಪ್ಪತ್ತರಲ್ಲಿ ಕಂಡರೆ, ಅದು ಕಡಿಮೆಯಾಗುತ್ತಿರುವ ಸುಳಿವು ದೊರೆಯುತ್ತದೆ.

ಇಂಥ ಪಟ್ಟಿಗಳಿಂದ ಲೋಕರೂಢಿಯ ನಂಬಿಕೆಗಳನ್ನು ಪರೀಕ್ಷಿಸಲು ಸಾಧ್ಯವಾಯಿತು. ಗುಬ್ಬಚ್ಚಿ ದೇಶದಲ್ಲೆಲ್ಲ ಅಳಿಯುತ್ತಿದೆ ಎಂಬ ಮಾತು ಬಹುಕಾಲದಿಂದ ಪ್ರಚಲಿತವಾಗಿತ್ತು. 2020ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ, ಒಂದು ಕೋಟಿಯಷ್ಟು ವೀಕ್ಷಣೆಗಳ ಆಧಾರದಿಂದ, ಅದರ ಸಂಖ್ಯೆ ಒಟ್ಟಾರೆ ಸ್ಥಿರವಾಗಿದ್ದು ಮಹಾನಗರಗಳಲ್ಲಿ ಇಳಿಮುಖವಾಗಿದೆ ಎಂದು ತೋರಿಸಿತು. 2023ರ ವರದಿಯಲ್ಲಿ, ದೀರ್ಘಕಾಲದ ಏರಿಳಿತವನ್ನು ಅಳೆಯಲು ಸಾಧ್ಯವಾದ 338 ಜಾತಿಗಳ ಪೈಕಿ ಶೇ. 60ರಷ್ಟು ಇಳಿಮುಖವಾಗಿರುವುದು ಕಂಡುಬಂದಿತು. ನಗರವೂ ಹಳ್ಳಿಯೂ ಕೂಡುವ ಈ ನಾಲ್ಕು ತಾಲ್ಲೂಕುಗಳ ಪಟ್ಟಿಗಳು ಅಂಥ ವ್ಯತ್ಯಾಸವನ್ನು ಅರಿಯಲು ವಿಶೇಷವಾಗಿ ಬೇಕಾದವು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನನಿಲ್ದಾಣ ತೆರೆದ ಮೇಲೆ ಇಲ್ಲಿನ ನೆಲದ ಬಳಕೆ ಬಲುಬೇಗ ಬದಲಾಗಿದೆ.

ದಾಖಲೆ ನೆಲವನ್ನು ಉಳಿಸಲು ನೆರವಾದುದಕ್ಕೆ ಹತ್ತಿರದ ಸಾಕ್ಷ್ಯ ಹೆಸರಘಟ್ಟ. ಆಡಳಿತದ ಲೆಕ್ಕದಲ್ಲಿ ನಗರ ಜಿಲ್ಲೆಗೆ ಸೇರಿದರೂ ಗ್ರಾಮಾಂತರದ ಸೀಮೆಗೆ ತಾಗಿಕೊಂಡಿರುವ, 1890ರ ದಶಕದಿಂದ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟ ಕೆರೆಯ ಸುತ್ತಲಿನ ಈ ಹುಲ್ಲುಗಾವಲು ಕಂದಾಯದ ಕಣ್ಣಿಗೆ ಖಾಲಿ ಜಾಗವಾಗಿ ಕಂಡಿತ್ತು. ಚಳಿಗಾಲದಲ್ಲಿ ಇಲ್ಲಿ ರಾತ್ರಿ ತಂಗುವ ಸೆಳೆವಗಳು, ಅಂದರೆ ಹುಲ್ಲಿನ ಮೇಲೆ ತಗ್ಗಿನಲ್ಲಿ ಹಾರಿ ಬೇಟೆಯಾಡುವ ಹದ್ದಿನ ಬಳಗದ ಹಕ್ಕಿಗಳು, ನೆಲಗುಬ್ಬಿಗಳು, ಒಮ್ಮೆ ಕಂಡ ಅಪರೂಪದ ಲೆಸ್ಸರ್ ಫ್ಲೋರಿಕನ್ ಇವೆಲ್ಲವನ್ನೂ ಹವ್ಯಾಸಿಗಳು ದಾಖಲಿಸಿದ್ದರಿಂದ ಅದು ಜೀವಂತ ನೆಲವೆಂದು ವಾದಿಸಲು ಆಧಾರ ದೊರೆಯಿತು. 2021ರಲ್ಲಿ ಸಂರಕ್ಷಣಾ ಮೀಸಲಿನ ಪ್ರಸ್ತಾವವನ್ನು ತಳ್ಳಿಹಾಕಿದ್ದ ರಾಜ್ಯ ವನ್ಯಜೀವಿ ಮಂಡಳಿ, 2024ರಲ್ಲಿ ಐದು ಸಾವಿರಕ್ಕೂ ಹೆಚ್ಚು ಎಕರೆಗೆ ಒಪ್ಪಿಗೆ ನೀಡಿತು.

ಇದಕ್ಕೂ ಮೊದಲೇ ಕಾನೂನಿನ ದಾರಿಯೂ ತೆರೆದಿತ್ತು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ, ಊರಿನವರ ಅರಿವನ್ನು ಒಳಗೊಂಡು, ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಬೇಕು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು 1990ರ ದಶಕದಲ್ಲಿ ರೂಪಿಸಿದ ಪ್ರಯೋಗ ಇದರ ಮೂಲ. ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾದುದು ಇದೇ ಕಾಯ್ದೆಯ ಬಲದಿಂದ. ಆದರೂ ಪಂಚಾಯಿತಿಯ ಕಪಾಟಿನ ದಾಖಲೆಯೂ ಹವ್ಯಾಸಿಗಳ ಮೊಬೈಲಿನ ಪಟ್ಟಿಯೂ ಈವರೆಗೆ ಬಹುಮಟ್ಟಿಗೆ ಬೇರೆಬೇರೆಯಾಗಿಯೇ ಸಾಗಿವೆ. ವಾರಾಂತ್ಯಕ್ಕೆ ಬರುವ ನಗರವಾಸಿಯ ಕಣ್ಣಿಗೆ ತಪ್ಪಿದ್ದು ದಿನವೂ ಏರಿಯ ಮೇಲೆ ನಡೆಯುವ ಹಳ್ಳಿಯ ಶಾಲೆಯ ಮಗುವಿಗೆ ಕಾಣುತ್ತದೆ. ಆ ಮಗು ಕನ್ನಡದಲ್ಲಿಯೇ ಹೆಸರಿಸಿ ಬರೆದ ಪಟ್ಟಿ ಪಂಚಾಯಿತಿಯ ದಾಖಲೆಗೂ ದೇಶದ ಲೆಕ್ಕಕ್ಕೂ ಸೇರುವಂತಾದರೆ, ನೀರಗಂಟಿಯ ಕಾಲದಲ್ಲಿ ಬರಹಕ್ಕೆ ಇಳಿಯದೆ ಹೋದ ಬಗೆಯ ಅರಿವು ಮುಂದಿನ ತಲೆಮಾರಿಗೆ ಬರಹದಲ್ಲಿ ಉಳಿಯುತ್ತದೆ, ಮತ್ತು ಕೆರೆಯ ಭವಿಷ್ಯವನ್ನು ತೀರ್ಮಾನಿಸುವ ಸಭೆಗಳಲ್ಲಿ ಅದರ ಮಗ್ಗುಲಲ್ಲಿ ಬದುಕುವವರ ಕೈಯಲ್ಲಿ ತಮ್ಮದೇ ಆದ ಪುರಾವೆ ಇರುತ್ತದೆ.