ಬ್ಲೂಯಿಂಗ್: ಕೋವಿಯ ಉಕ್ಕಿಗೆ ನೀಲಿಗಪ್ಪು ಪದರ ಬೆಳೆಸುವ ವಿಧಾನಗಳು

ಉಕ್ಕಿನ ಮೇಲ್ಮೈಯನ್ನು ಹತೋಟಿಯಲ್ಲಿಟ್ಟು ಆಕ್ಸಿಡೀಕರಿಸಿ, ನೀಲಿಯಿಂದ ಕಡುಗಪ್ಪಿನವರೆಗಿನ ತೆಳುಪದರ ಬೆಳೆಸುವ ಕ್ರಿಯೆಗೆ ಬ್ಲೂಯಿಂಗ್ ಎನ್ನುತ್ತಾರೆ. ಇದು ಬಳಿದ ಬಣ್ಣವಲ್ಲ, ಬೇರೆ ಲೋಹದ ಲೇಪವೂ ಅಲ್ಲ. ಉಕ್ಕಿನಲ್ಲಿರುವ ಕಬ್ಬಿಣವೇ ಮ್ಯಾಗ್ನಟೈಟ್ ಎಂಬ ಕಪ್ಪು ಆಕ್ಸೈಡ್ ಆಗಿ ಮಾರ್ಪಡುತ್ತದೆ. ಕೋವಿಯ ನಳಿಗೆ, ಕುದುರೆ, ತಿರುಪುಗಳಿಗೆ ಈ ಪದರ ಕೊಡುವ ವಿಧಾನಗಳಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವುದು ಬಿಸಿ ಲವಣದ ತೊಟ್ಟಿ. ಆದರೆ ಅದು ಕಾರ್ಖಾನೆಯ ಅಗತ್ಯಕ್ಕೆ ಒಗ್ಗಿ ಬೆಳೆದ ವಿಧಾನ. ಕೈಗೆ ಸಿಕ್ಕ ಪಾತ್ರೆ, ಒಲೆಗಳನ್ನು ಹೊಂದಿಸಿಕೊಂಡು ಮನೆಯಲ್ಲಿ ಮಾಡುವ ಕೆಲಸಕ್ಕೆ ಅದಕ್ಕಿಂತ ಹಳೆಯದಾದ ತುಕ್ಕಿನ ವಿಧಾನವೇ ತಕ್ಕದ್ದು ಎಂಬುದಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಇತಿಹಾಸ ಮೂರರಲ್ಲೂ ಆಧಾರವಿದೆ.

ಪದರದ ಸ್ವರೂಪ

ಮಾಮೂಲಿ ಕೆಂಪು ತುಕ್ಕು ನೀರು ಸೇರಿದ ಕಬ್ಬಿಣದ ಆಕ್ಸೈಡ್. ಅದು ಉಬ್ಬಿ, ಸಡಿಲಗೊಂಡು ಉದುರುವುದರಿಂದ ಅಡಿಯ ಲೋಹ ಮತ್ತೆ ಮತ್ತೆ ಗಾಳಿಗೆ ತೆರೆದುಕೊಳ್ಳುತ್ತದೆ. ಮ್ಯಾಗ್ನಟೈಟ್ ಹಾಗಲ್ಲ, ಲೋಹವನ್ನು ಕಚ್ಚಿ ಹಿಡಿದಿರುತ್ತದೆ. ಆದರೂ ಅದರ ದಪ್ಪ ಸಾಮಾನ್ಯವಾಗಿ ಒಂದೆರಡು ಮೈಕ್ರಾನ್ ಮಾತ್ರ. ಮೈಯೆಲ್ಲ ಸೂಕ್ಷ್ಮ ರಂಧ್ರ. ತುಕ್ಕು ತಡೆಯುವ ಕೆಲಸದಲ್ಲಿ ದೊಡ್ಡ ಪಾಲು ಆ ರಂಧ್ರಗಳಲ್ಲಿ ನಿಲ್ಲುವ ಎಣ್ಣೆಯದು. ಎಣ್ಣೆ ಕಾಣದ ನೀಲಿ ನಳಿಗೆ ಮಳೆಗಾಲದಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಬಣ್ಣದ ಗಾಢತೆಯನ್ನು ನೋಡಿ ರಕ್ಷಣೆಯನ್ನು ಅಳೆಯುವುದು ಆದ್ದರಿಂದ ತಪ್ಪಾಗುತ್ತದೆ.

ಉಕ್ಕನ್ನು ಬರಿಯ ಗಾಳಿಯಲ್ಲಿ ಕಾಸಿದಾಗ ಮೂಡುವ ಹದಬಣ್ಣಗಳ ಬಗೆ ಬೇರೆ. ಸುಮಾರು 220ರಿಂದ 230 ಡಿಗ್ರಿ ಸೆಲ್ಸಿಯಸ್‌ಗೆ ಒಣಹುಲ್ಲಿನ ಹಳದಿ, 280ರ ಆಸುಪಾಸಿನಲ್ಲಿ ನೇರಳೆ, 300ರ ಹತ್ತಿರ ನೀಲಿ ಕಾಣುತ್ತದೆ. ಅತಿ ತೆಳುವಾದ ಆಕ್ಸೈಡ್ ಪೊರೆಯಲ್ಲಿ ಬೆಳಕಿನ ಅಲೆಗಳು ಒಂದರ ಮೇಲೊಂದು ಬಿದ್ದು ಈ ಬಣ್ಣಗಳನ್ನು ತೋರಿಸುತ್ತವೆ. ಗಡಿಯಾರ ಕುಶಲಿಗಳು ಹಿತ್ತಾಳೆಯ ಅರದ ಪುಡಿಯ ಮೇಲೆ ತಿರುಪುಗಳನ್ನಿಟ್ಟು ಹೀಗೆ ನೀಲಿ ಬರಿಸುತ್ತಾರೆ. ಕೋವಿಯಲ್ಲಿ ಮಾತ್ರ ಈ ದಾರಿ ಅಪಾಯದ್ದು: ಗಡಸುಗೊಳಿಸಿದ ಕುದುರೆ, ಅದನ್ನು ತಡೆದಿಡುವ ಕೊಕ್ಕೆ, ಸ್ಪ್ರಿಂಗುಗಳು ಆ ಕಾವಿಗೆ ಮೆತ್ತಗಾಗಬಹುದು. ಮೆತ್ತಗಾಗಿ ಸವೆದ ಕೊಕ್ಕೆ ಜಾರಿದರೆ ಕೋವಿ ತಾನಾಗಿಯೇ ಹಾರೀತು.

ಇತಿಹಾಸ

ಇದ್ದಲಿನ ಕೆಂಡದಲ್ಲಿ ಕಾಸುವುದು, ನಳಿಗೆಗೆ ತುಕ್ಕು ಹಿಡಿಸಿ ಉಜ್ಜುವುದು ಹಳೆಯ ಎರಡು ದಾರಿಗಳು. ತುಕ್ಕನ್ನು ಕುದಿಸದೆ ಹಾಗೇ ಉಳಿಸಿಕೊಂಡರೆ ಕಂದು ನಳಿಗೆ, ಕುದಿಸಿದರೆ ಕಪ್ಪು ನಳಿಗೆ. ಬ್ರಿಟಿಷ್ ಜೋಡಿನಳಿಗೆ ಕೋವಿಗಳ ನುರಿತ ಕೆಲಸಗಾರರು ಎರಡನ್ನೂ ಬಳಸಿದರು. 20ನೆಯ ಶತಮಾನದಲ್ಲಿ ಅಮೆರಿಕದ ಕೋಲ್ಟ್, ಸ್ಮಿತ್ ಅಂಡ್ ವೆಸನ್ ಕಾರ್ಖಾನೆಗಳು ಮೂಳೆಯ ಇದ್ದಲು ಮತ್ತು ಕಾರ್ಬೋನಿಯಾ ಎಂಬ ಎಣ್ಣೆಯೊಂದಿಗೆ ಕುಲುಮೆಯಲ್ಲಿ ಭಾಗಗಳನ್ನು ಕಾಸಿ ಆಳವಾದ ನೀಲಿ ಪಡೆದವು.

ಲವಣದ ತೊಟ್ಟಿ ಏಕೆ ಗೆದ್ದಿತು ಎಂಬುದಕ್ಕೆ ಸ್ಪಷ್ಟ ಸಾಕ್ಷಿ ಜರ್ಮನಿಯ ಲೂಗರ್ ಪಿಸ್ತೂಲು. 1937ರವರೆಗೆ ಅದರ ಮೈ ತುಕ್ಕಿನ ವಿಧಾನದಿಂದ ಕಪ್ಪಾಗುತ್ತಿತ್ತು. ಟ್ರಿಗರ್, ಸುರಕ್ಷಾ ಕೀಲಿಯಂಥ ಚಿಕ್ಕ ಭಾಗಗಳು ಮಾತ್ರ ಒಣಹುಲ್ಲಿನ ಹಳದಿಯಲ್ಲಿರುತ್ತಿದ್ದವು. ಆ ವರ್ಷ ಅದನ್ನು ತಯಾರಿಸುತ್ತಿದ್ದ ಮೌಸರ್ ಕಾರ್ಖಾನೆ ಲವಣದ ತೊಟ್ಟಿಗೆ ಬದಲಾದಾಗ ಹಳದಿ ಭಾಗಗಳೂ ಮರೆಯಾದವು. ದೊಡ್ಡದು, ಚಿಕ್ಕದು ಎನ್ನದೆ ಎಲ್ಲವೂ ಒಂದೇ ತೊಟ್ಟಿಗೆ ಇಳಿದವು. ಯುದ್ಧಸಿದ್ಧತೆಯ ಆ ದಿನಗಳಲ್ಲಿ ಬೇಕಾಗಿದ್ದುದು ವೇಗ. ದಿನಗಟ್ಟಲೆಯ ಕೆಲಸ ಅರ್ಧ ಗಂಟೆಗೆ ಇಳಿಯಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಫಾಸ್ಫೇಟ್ ಪದರದತ್ತ ವಾಲಿದುದನ್ನು ನೋಡಿದರೆ, ಸೇನೆಗಳು ಕೂಡ ಬ್ಲೂಯಿಂಗನ್ನು ಅತ್ಯುತ್ತಮ ರಕ್ಷಣೆಯೆಂದು ಭಾವಿಸಿರಲಿಲ್ಲ ಎಂದು ಊಹಿಸಬಹುದು.

ಬಿಸಿ ಲವಣದ ತೊಟ್ಟಿ

ತೊಟ್ಟಿಯಲ್ಲಿರುವುದು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ನೈಟ್ರೇಟ್ ಅಥವಾ ನೈಟ್ರೈಟ್ ಕರಗಿಸಿದ ಗಟ್ಟಿ ದ್ರಾವಣ. ಸುಮಾರು 135ರಿಂದ 150 ಡಿಗ್ರಿಗಳ ನಡುವೆ ಕುದಿಯುವ ಅದರಲ್ಲಿ, ಜಿಡ್ಡು ತೆಗೆದು ಪಾಲಿಶ್ ಮಾಡಿದ ಭಾಗಗಳನ್ನು ಹದಿನೈದು ನಿಮಿಷದಿಂದ ಅರ್ಧ ಗಂಟೆಯವರೆಗೆ ಮುಳುಗಿಸಿಡುತ್ತಾರೆ. ಕಬ್ಬಿಣ ಮೊದಲು ಅತ್ಯಲ್ಪವಾಗಿ ಕರಗಿ, ಆಮೇಲೆ ಮ್ಯಾಗ್ನಟೈಟ್ ಆಗಿ ಲೋಹದ ಮೇಲೆಯೇ ಕೂರುತ್ತದೆ. ಪಾಲಿಶ್ ಎಷ್ಟು ನುಣುಪೋ ಬಣ್ಣವೂ ಅಷ್ಟೇ ಹೊಳಪು. ಅರದ ಗೀರನ್ನು ತೊಟ್ಟಿ ಮುಚ್ಚುವುದಿಲ್ಲ. ನಿಕ್ಕಲ್, ಕ್ರೋಮಿಯಂ ಅಥವಾ ಸಿಲಿಕಾನ್ ಹೆಚ್ಚಿರುವ ಉಕ್ಕು ಕಪ್ಪಾಗುವ ಬದಲು ನೇರಳೆ, ಕೆಂಪು ಛಾಯೆಗೆ ತಿರುಗಬಹುದು.

ಎಲ್ಲದರ ಕೀಲಿ ಇರುವುದು ಕುದಿಬಿಂದುವಿನಲ್ಲಿ. ಕಾಸ್ಟಿಕ್ ಸೋಡಾದ ದ್ರಾವಣ ಗಟ್ಟಿಯಾದಷ್ಟೂ ಕುದಿಯುವ ಉಷ್ಣತೆ ಏರುತ್ತದೆ. ತೂಕದಲ್ಲಿ ಅರ್ಧದಷ್ಟು ಕಾಸ್ಟಿಕ್ ಇದ್ದಾಗ ಅದು 140 ಡಿಗ್ರಿ ದಾಟುತ್ತದೆ. ಉರಿ ಹೆಚ್ಚಿಸಿದರೆ ಕುದಿತ ಜೋರಾಗುತ್ತದೆಯೇ ಹೊರತು ಕೂಡಲೇ ಉಷ್ಣತೆ ಏರದು. ನೀರು ಆವಿಯಾಗಿ ದ್ರಾವಣ ಗಟ್ಟಿಯಾದಂತೆ ಅದು ಮೆಲ್ಲಗೆ ಮೇಲೆ ಜಾರುತ್ತದೆ. ಮಿತಿ ಮೀರಿದರೆ ಪದರಕ್ಕೆ ಕೆಂಪು ಬರುತ್ತದೆ, ಮಿತಿಗಿಂತ ಕೆಳಗಿದ್ದರೆ ಕಪ್ಪು ಹಿಡಿಯುವುದಿಲ್ಲ. ಹಾಗಾಗಿ ನೀರು ಸೇರಿಸುತ್ತಲೇ ಇರಬೇಕು. ಆದರೆ ನೂರು ಡಿಗ್ರಿಗಿಂತ ಎಷ್ಟೋ ಮೇಲಿರುವ ದ್ರಾವಣಕ್ಕೆ ಬಿದ್ದ ನೀರು ಥಟ್ಟನೆ ಆವಿಯಾಗಿ, ಸುಡುವ ಕ್ಷಾರವನ್ನು ಕಣ್ಣುಮುಖಕ್ಕೆ ಎರಚುತ್ತದೆ. ನುರಿತವರು ಉದ್ದ ಹಿಡಿಕೆಯ ಸೌಟಿನಲ್ಲಿ, ಮುಖಕವಚ ತೊಟ್ಟು, ಚೂರುಚೂರೇ ಸೇರಿಸುತ್ತಾರೆ. ಆರಿದಾಗ ದ್ರಾವಣ ಹೆಪ್ಪುಗಟ್ಟುವುದು ಇನ್ನೊಂದು ತೊಡಕು. ಮರುದಿನ ಅಡಿಯಿಂದ ಕಾಸಿದರೆ ಮೇಲಿನ ಹೆಪ್ಪಿನಡಿ ಆವಿ ಸಿಕ್ಕಿಕೊಂಡು ಸಿಡಿಯುತ್ತದೆ. ಆವಿಗೆ ದಾರಿಯಾಗಲೆಂದು ಆರುವಾಗಲೇ ಕಬ್ಬಿಣದ ಸರಳೊಂದನ್ನು ನೆಟ್ಟಗೆ ಇಟ್ಟಿರುತ್ತಾರೆ.

ಮನೆಯಲ್ಲಿ ಸಿಗುವ ಪಾತ್ರೆಗಳೇ ಇಲ್ಲಿ ಶತ್ರುಗಳು. ಅಲ್ಯೂಮಿನಿಯಂ ಬಿಸಿ ಕ್ಷಾರದಲ್ಲಿ ರಭಸದಿಂದ ಕರಗಿ, ಹೊತ್ತಿಕೊಳ್ಳುವ ಹೈಡ್ರೋಜನ್ ಬಿಡುತ್ತದೆ. ಗ್ಯಾಲ್ವನೈಸ್ ಮಾಡಿದ ತಗಡಿನ ಸತುವೂ ಹಾಗೆಯೇ. ಬೆಸೆದು ಮಾಡಿದ ಬರಿಯ ಉಕ್ಕಿನ ತೊಟ್ಟಿಯೊಂದೇ ಸರಿ. ನೈಟ್ರೇಟಿಗೆ ಬದಲಾಗಿ ಅಮೋನಿಯಂ ನೈಟ್ರೇಟ್ ಗೊಬ್ಬರ ಹಾಕುವ ಹಳೆಯ ಪಾಠವೂ ಇದೆ. ಅದು ಕಾಸ್ಟಿಕ್ ಸೇರಿದೊಡನೆ ಉಸಿರುಗಟ್ಟಿಸುವ ಅಮೋನಿಯಾ ಎಬ್ಬಿಸುತ್ತದೆ; ಭಾರತದಲ್ಲಂತೂ ಅದರ ಮಾರಾಟ, ಸಂಗ್ರಹಗಳಿಗೆ 2012ರ ನಿಯಮಗಳ ಕಟ್ಟು ಇದೆ.

ಎಲ್ಲಕ್ಕಿಂತ ತೂಕದ ವಾದ ಬೆಸುಗೆಯದು. ಹಳೆಯ ಜೋಡಿನಳಿಗೆ ಕೋವಿಗಳ ಎರಡು ನಳಿಗೆಗಳ ನಡುವಿನ ಪಟ್ಟಿಯನ್ನು ತವರ-ಸೀಸದ ಬೆಸುಗೆ ಹಿಡಿದಿರುತ್ತದೆ. ಬಿಸಿ ಕ್ಷಾರ ಅದನ್ನು ತಿನ್ನುತ್ತದೆ. ಪಟ್ಟಿಯ ಟೊಳ್ಳಿಗೆ ನುಸುಳಿದ ಲವಣ ತೊಳೆದರೂ ಹೋಗದೆ, ತಿಂಗಳುಗಳ ಮೇಲೆ ಒಳಗಿನಿಂದ ತುಕ್ಕಾಗಿ ಹೊರಬರುತ್ತದೆ.

ತುಕ್ಕಿನ ವಿಧಾನ

ಇಲ್ಲಿ ಜಿಡ್ಡು ತೆಗೆದ ಉಕ್ಕಿಗೆ ತುಕ್ಕು ಹಿಡಿಸುವ ದ್ರಾವಣವನ್ನು ತೆಳ್ಳಗೆ ಸವರಿ, ತೇವದ ಪೆಟ್ಟಿಗೆಯಲ್ಲಿ ಕೆಲವು ಗಂಟೆ ಇಡುತ್ತಾರೆ. ಮೂಡಿದ ಕೆಂಪು ತುಕ್ಕನ್ನು ಶುದ್ಧ ನೀರಿನಲ್ಲಿ ಕುದಿಸಿದರೆ ಅದು ಕಪ್ಪು ಮ್ಯಾಗ್ನಟೈಟ್ ಆಗುತ್ತದೆ. ಸಡಿಲ ಪುಡಿಯನ್ನು ನವಿರಾದ ತಂತಿಕುಂಚದಿಂದ ಉಜ್ಜಿ, ಬಣ್ಣ ತುಂಬುವವರೆಗೆ ಇದನ್ನೇ ಮರಳಿ ಮಾಡಬೇಕು. ತೆರೆದ ಪಾತ್ರೆಯಲ್ಲಿ ನೀರು ನೂರು ಡಿಗ್ರಿ ದಾಟದು. ಹತೋಟಿ ತಪ್ಪಬಹುದಾದ ಉಷ್ಣತೆಗೆ ಪ್ರಕೃತಿಯೇ ಇಲ್ಲಿ ಬೇಲಿ ಹಾಕಿದೆ, ಉಷ್ಣಮಾಪಕವೂ ಬೇಡ. ಬೆಸುಗೆ ಕರಗದು, ಗಡಸು ಇಳಿಯದು. ತಪ್ಪಾದರೆ ಉಜ್ಜಿ ತೆಗೆದು ಮತ್ತೆ ಆರಂಭಿಸಬಹುದು.

ಆಕ್ಷೇಪಗಳು

ಹಲವರು ಮನೆಯಂಗಳದಲ್ಲೇ ಲವಣದ ತೊಟ್ಟಿ ಕಾಸಿ ಒಳ್ಳೆಯ ಬಣ್ಣ ಪಡೆದಿದ್ದಾರೆ ಎಂಬುದು ಮೊದಲ ಆಕ್ಷೇಪ. ನಿಜ, ಬೆಸುಗೆಯಿಲ್ಲದ, ಸಾದಾ ಕಾರ್ಬನ್ ಉಕ್ಕಿನ ಭಾಗಗಳಿಗೆ, ಉಕ್ಕಿನ ತೊಟ್ಟಿ, ನಂಬಬಹುದಾದ ಉಷ್ಣಮಾಪಕ ಮತ್ತು ತೆರೆದ ಗಾಳಿ ಇದ್ದರೆ ಅದು ಆಗುವ ಕೆಲಸ. ಆದರೆ ಇಷ್ಟೆಲ್ಲ ಒದಗಿಸಿಕೊಂಡ ಮೇಲೆ ಅದನ್ನು ಕೈಗೆ ಸಿಕ್ಕ ಸಲಕರಣೆ ಎನ್ನಲಾಗದು, ಕಣ್ಣು ಹೋದವರಿಗೆ ಬೇರೆಯವರ ಯಶಸ್ಸು ಪರಿಹಾರವೂ ಅಲ್ಲ. ತುಕ್ಕಿನ ವಿಧಾನಕ್ಕೆ ದಿನಗಳು ಹಿಡಿಯುತ್ತವೆ ಎಂಬುದು ಎರಡನೆಯದು. ಆ ದಿನಗಳಲ್ಲಿ ಬಹುಪಾಲು ಕಾಯುವಿಕೆಯೇ. ನೂರಾರು ಕೋವಿ ಸಾಗಿಸಬೇಕಾದ ಕಾರ್ಖಾನೆಗೆ ಅದು ನಷ್ಟ, ಒಂದು ಕೋವಿಯ ಒಡೆಯನಿಗಲ್ಲ. ಬಾಟಲಿಯಲ್ಲಿ ಸಿಗುವ ತಣ್ಣನೆಯ ದ್ರಾವಣ ಸಾಲದೇ ಎಂಬುದು ಮೂರನೆಯದು. ಅದು ಕೂರಿಸುವುದು ಮ್ಯಾಗ್ನಟೈಟನ್ನಲ್ಲ, ತಾಮ್ರ ಮತ್ತು ಸೆಲೆನಿಯಂ ಸೇರಿದ ಸಂಯುಕ್ತವನ್ನು. ಗೀರು ಮುಚ್ಚಲು ಸಾಕು, ಕೈಯ ಸವೆತಕ್ಕೆ ಬಾಳದು.

ಭಾರತದಲ್ಲಿ

1959ರ ಆಯುಧ ಕಾಯ್ದೆಯ 5ನೆಯ ಕಲಮಿನ ಪ್ರಕಾರ ಬಂದೂಕು ತಯಾರಿಕೆ, ಮಾರಾಟಗಳಂತೆ ದುರಸ್ತಿಗೂ ಪರವಾನಗಿ ಬೇಕು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ಅದನ್ನು ದುರಸ್ತಿಯ ಕಸುಬಿಗೂ ಅನ್ವಯಿಸಿಕೊಳ್ಳಬಾರದು. ಅಲ್ಲಿನ ದೀರ್ಘ ಮಳೆಗಾಲದಲ್ಲಿ ಹಳೆಯ ಜೋಡಿನಳಿಗೆಯ ಬಣ್ಣ ಮಾಸಿದರೆ ಪರವಾನಗಿಯುಳ್ಳ ಕುಶಲಿಯ ಬಳಿಗೆ ಒಯ್ದು, ಲವಣದ ತೊಟ್ಟಿಗೆ ಇಳಿಸದಂತೆ ಸ್ಪಷ್ಟವಾಗಿ ಹೇಳುವುದು ಮೇಲು. ಆಮೇಲೆ ಅದನ್ನು ಕಾಯುವುದು ಮನೆಯವರು ತಪ್ಪದೆ ಸವರುವ ಎಣ್ಣೆ.