ಮನೆಯೊಳಗೆ ನುಗ್ಗಿದ ಬೂಟುಗಾಲು

ನಮ್ಮ ದೇಶದಲ್ಲಿ ಒಂದು ಕಾನೂನಿದೆ. ಹುಟ್ಟಿದಾಗ ಅದರಲ್ಲಿ ಇದ್ದದ್ದು ನಾಲ್ಕೇ ನಾಲ್ಕು ಕಲಂ. ಓದೋಕೆ ಐದು ನಿಮಿಷ ಸಾಕು. ಆದ್ರೆ 1897ರಲ್ಲಿ ಪುಣೆಯ ಮನೆಮನೆಗೆ ಗೋರಾ ಸಿಪಾಯಿಗಳು ನುಗ್ಗಿದ್ದು ಆ ಕಾನೂನಿನ ಬಲದಿಂದ. 2020ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಕೋವಿಡ್ ನಿಯಮ ಹೊರಡಿಸಿದ್ದೂ ಅದೇ ಕಾನೂನಿನ ಅಡಿಯಲ್ಲಿ. ಅದರ ಹೆಸರು ಸಾಂಕ್ರಾಮಿಕ ರೋಗಗಳ ಕಾಯ್ದೆ.

ಊರಿಗೆ ರೋಗ ಬಂದಾಗ ನನ್ನ ಮೈ ಮೇಲಿನ ಅಧಿಕಾರ ನನ್ನದಾ, ಸರ್ಕಾರದ್ದಾ? ಟೀವಿ ಚರ್ಚೆಗಳಲ್ಲಿ ಈ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಕೇಳ್ತೀವಿ. ಇತಿಹಾಸ ಅಷ್ಟು ಸುಲಭಕ್ಕೆ ಉತ್ತರ ಕೊಡಲ್ಲ. ಆದ್ರೆ ಅದು ಕೊಡುವ ಉತ್ತರ ಕೇಳೋದು ಒಳ್ಳೇದು.

1896ರ ಸೆಪ್ಟೆಂಬರ್. ಮುಂಬಯಿಯ ಮಾಂಡವಿ. ಬಂದರಿನ ಪಕ್ಕದಲ್ಲಿ ಕಾಳು-ಕಡಿ ತುಂಬಿದ ಗೋದಾಮುಗಳ ಕೇರಿ. ಅಲ್ಲಿ ಜನ ಜ್ವರ ಬಂದು, ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಂಟು ಕಟ್ಟಿ ಸಾಯ್ತಾ ಇದ್ರು. ಇದು ಪ್ಲೇಗ್ ಅಂತ ಮೊದಲು ಹೇಳಿದವರು ಗೋವಾ ಮೂಲದ ವೈದ್ಯ ಡಾ. ಅಕಾಸಿಯೊ ವಿಯೆಗಾಸ್. ಸುದ್ದಿ ಹಬ್ಬಿದ್ದೇ ತಡ, ಬ್ರಿಟಿಷರಿಗೆ ನಡುಕ ಹುಟ್ಟಿತು. ಜನರ ಪ್ರಾಣದ ಚಿಂತೆ ಇರಲಿಲ್ಲ ಅಂತ ಹೇಳೋಕಾಗಲ್ಲ. ಆದ್ರೆ ಅದಕ್ಕಿಂತ ದೊಡ್ಡ ಚಿಂತೆ ವ್ಯಾಪಾರದ್ದು. ಭಾರತದ ಹಡಗು ನಮ್ಮ ಬಂದರಿಗೆ ಬೇಡ ಅಂತ ಯುರೋಪಿನ ದೇಶಗಳು ಹೇಳಿಬಿಟ್ರೆ? ಲಂಡನ್ನಿನಿಂದ ಒತ್ತಡ ಬಂತು. 1897ರ ಫೆಬ್ರವರಿ 4ರಂದು ಕಾಯ್ದೆ ಪಾಸಾಯ್ತು.

ಅದರಲ್ಲಿ ಏನಿತ್ತು? ರೋಗ ತಡೆಯೋಕೆ ಸರ್ಕಾರ ಯಾವ ಕ್ರಮ ಬೇಕಾದ್ರೂ ತಗೊಳ್ಳಬಹುದು. ಮಾತು ಕೇಳದವರಿಗೆ ಶಿಕ್ಷೆ. ಇನ್ನು ನಾಲ್ಕನೇ ಕಲಂ. ಈ ಕಾಯ್ದೆ ಪ್ರಕಾರ ಸದುದ್ದೇಶದಿಂದ ಮಾಡಿದ ಯಾವ ಕೆಲಸಕ್ಕೂ ಅಧಿಕಾರಿಯ ಮೇಲೆ ಯಾರೂ ದಾವೆ ಹೂಡುವಂತಿಲ್ಲ. ಈ ನಾಲ್ಕನೇ ಕಲಂ ನೆನಪಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಅಲ್ಲಿಂದಲೇ ಬರುತ್ತೆ.

ರೋಗ ಪುಣೆಗೆ ಬಂತು. ಅದನ್ನು ಹತ್ತಿಕ್ಕೋಕೆ ಬಂದವನು ವಾಲ್ಟರ್ ಚಾರ್ಲ್ಸ್ ರ‍್ಯಾಂಡ್ ಎಂಬ ಐಸಿಎಸ್ ಅಧಿಕಾರಿ. ಆತ ವೈದ್ಯರ ಜೊತೆ ಎಂಟುನೂರಕ್ಕೂ ಹೆಚ್ಚು ಸೈನಿಕರನ್ನು ಬೀದಿಗಿಳಿಸಿದ. ಮಾರ್ಚ್ ಮಧ್ಯದಿಂದ ಮೇ ತಿಂಗಳವರೆಗೆ ಮನೆ ಶೋಧ ನಡೀತು. ಬೂಟು ಹಾಕ್ಕೊಂಡೇ ಅಡುಗೆ ಮನೆಗೆ, ದೇವರ ಮನೆಗೆ ನುಗ್ಗಿದ್ರು. ಗಂಡಸರು, ಹೆಂಗಸರು ಅನ್ನದೆ ಮೈ ತಪಾಸಣೆ. ರೋಗಿ ಸಿಕ್ಕರೆ ಆಸ್ಪತ್ರೆಗೆ, ಮನೆಯವರೆಲ್ಲ ಪ್ರತ್ಯೇಕ ಕ್ಯಾಂಪಿಗೆ. ಹಾಸಿಗೆ, ಬಟ್ಟೆಬರೆ ಬೆಂಕಿಗೆ.

ಪರಿಣಾಮ ಏನಾಯ್ತು? ಜನ ರೋಗ ಮುಚ್ಚಿಟ್ರು. ಜ್ವರ ಬಂದ ಮಗುವನ್ನು ಅಟ್ಟದ ಮೇಲೆ ಅಡಗಿಸಿದ್ರೆ, ಸತ್ತವರನ್ನು ಕದ್ದು ಸಾಗಿಸಿದ್ರೆ ರೋಗ ನಿಲ್ಲುತ್ತಾ? ಹರಡುತ್ತೆ. ಆಸ್ಪತ್ರೆಗೆ ಹೋದವರು ವಾಪಸ್ ಬರಲ್ಲ ಅನ್ನೋ ವದಂತಿ ಎಲ್ಲ ಕಡೆ ಹಬ್ಬಿತ್ತು. ಮುಂಬಯಿಯಲ್ಲಂತೂ 1896ರ ಅಕ್ಟೋಬರ್‌ನಲ್ಲೇ ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಗೆ ನುಗ್ಗಿ ದಾಂಧಲೆ ಮಾಡಿದ್ರು. ಜನ ಪ್ಲೇಗಿಗಿಂತ ಸರ್ಕಾರಕ್ಕೇ ಹೆಚ್ಚು ಹೆದರಿದ್ರು.

1897ರ ಜೂನ್ 22. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ವಜ್ರಮಹೋತ್ಸವ. ಗಣೇಶಖಿಂಡದ ಗವರ್ನರ್ ಬಂಗಲೆಯ ಔತಣ ಮುಗಿಸಿ ಹೊರಟ ರ‍್ಯಾಂಡ್ ಮೇಲೆ ದಾಮೋದರ ಚಾಪೇಕರ್ ಗುಂಡು ಹಾರಿಸಿದ. ತಮ್ಮ ಬಾಲಕೃಷ್ಣನ ಗುಂಡಿಗೆ ಲೆಫ್ಟಿನೆಂಟ್ ಐರ್ಸ್ಟ್ ಸ್ಥಳದಲ್ಲೇ ಸತ್ತ. ರ‍್ಯಾಂಡ್ ಸತ್ತಿದ್ದು ಜುಲೈ 3ಕ್ಕೆ. ಮುಂದಿನ ಎರಡು ವರ್ಷದೊಳಗೆ ಮೂವರು ಚಾಪೇಕರ್ ಸಹೋದರರನ್ನೂ ಗಲ್ಲಿಗೇರಿಸಲಾಯಿತು. ಕೇಸರಿ ಪತ್ರಿಕೆಯ ಬರಹಗಳಿಗಾಗಿ ತಿಲಕರ ಮೇಲೆ ರಾಜದ್ರೋಹದ ಕೇಸು ಬಿತ್ತು. ಹದಿನೆಂಟು ತಿಂಗಳ ಶಿಕ್ಷೆ. ಆದ್ರೆ ಒಂದು ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ. ತಿಲಕರು ಪ್ಲೇಗ್ ಕ್ರಮಗಳೇ ಬೇಡ ಅಂದವರಲ್ಲ. ಊರು ಬಿಟ್ಟು ಓಡದೆ ಪುಣೆಯಲ್ಲೇ ಇದ್ದು ಹಿಂದೂ ಪ್ಲೇಗ್ ಆಸ್ಪತ್ರೆ ನಡೆಸಿದವರು. ಅವರ ಸಿಟ್ಟು ಇದ್ದದ್ದು ಸಿಪಾಯಿಗಳು ನಡೆದುಕೊಂಡ ರೀತಿಯ ಮೇಲೆ.

ಗೋಖಲೆಯವರ ಕಥೆ ಇನ್ನೂ ನೋವಿನದು. ಆಗ ಅವರು ಇಂಗ್ಲೆಂಡಿನಲ್ಲಿದ್ರು. ಸಿಪಾಯಿಗಳು ಇಬ್ಬರು ಹೆಂಗಸರ ಮೇಲೆ ಅತ್ಯಾಚಾರ ಮಾಡಿದ್ದಾರೆ ಅಂತ ಪುಣೆಯಿಂದ ಬಂದ ಪತ್ರಗಳನ್ನು ನಂಬಿ ಅಲ್ಲಿನ ಪತ್ರಿಕೆಗೆ ಹೇಳಿದ್ರು. ಸಾಕ್ಷಿ ಎಲ್ಲಿ ಅಂತ ಸರ್ಕಾರ ಕೇಳಿತು. ಪತ್ರ ಬರೆದವರು ಯಾರೂ ಹೆಸರು ಹೇಳೋಕೆ ಮುಂದೆ ಬರಲಿಲ್ಲ. ಗೋಖಲೆಯವರು ಬೇಷರತ್ ಕ್ಷಮೆ ಕೇಳಬೇಕಾಯ್ತು. ಆ ದೂರು ನಿಜವಾ, ಸುಳ್ಳಾ? ಅದನ್ನು ನಿರ್ಭಯವಾಗಿ ವಿಚಾರಿಸುವ ಒಂದು ಜಾಗ ಇದ್ದಿದ್ರೆ ಅಂದೇ ತೀರ್ಮಾನ ಆಗ್ತಿತ್ತು. ಅಂಥ ಜಾಗವೇ ಇರಲಿಲ್ಲ.

ಇದಕ್ಕಿಂತ ದೊಡ್ಡ ವಿಪರ್ಯಾಸ ಕೇಳಿ. ಇಷ್ಟೆಲ್ಲ ಬಲಪ್ರಯೋಗ ಮಾಡುವಾಗ ಪ್ಲೇಗ್ ಹೇಗೆ ಹರಡುತ್ತೆ ಅನ್ನೋದೇ ಸರ್ಕಾರಕ್ಕೆ ಸರಿಯಾಗಿ ಗೊತ್ತಿರಲಿಲ್ಲ. ಕೊಳಕಿನಿಂದ, ಮನುಷ್ಯರಿಂದ, ಬಟ್ಟೆಯಿಂದ ಅಂತ ತಿಳಿದಿದ್ರು. ಇಲಿಯ ಮೈ ಮೇಲಿನ ಚಿಗಟವೇ ರೋಗ ಸಾಗಿಸುತ್ತೆ ಅಂತ ಫ್ರೆಂಚ್ ವಿಜ್ಞಾನಿ ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ಕಂಡುಕೊಂಡಿದ್ದು 1898ರಲ್ಲಿ. ಅದನ್ನು ಎಲ್ಲರೂ ಒಪ್ಪೋಕೆ ಇನ್ನೂ ಹಲವು ವರ್ಷ ಹಿಡೀತು. ಅಂದ್ರೆ ಸಿಪಾಯಿಗಳು ಹಾಸಿಗೆ ಸುಡ್ತಾ ಇದ್ರು, ಇಲಿಗಳು ಪಕ್ಕದ ಮನೆಗೆ ಹೋಗ್ತಾ ಇದ್ವು!

ಅದೇ ಪುಣೆಯಲ್ಲಿ, ಅದೇ ದಿನಗಳಲ್ಲಿ, ಇನ್ನೊಂದು ದಾರಿಯೂ ಇತ್ತು. ಸಾವಿತ್ರಿಬಾಯಿ ಫುಲೆ ಮತ್ತು ಅವರ ದತ್ತುಪುತ್ರ ಡಾ. ಯಶವಂತ ಊರಾಚೆ ಚಿಕಿತ್ಸಾಲಯ ತೆರೆದಿದ್ರು. ರೋಗಿಗಳನ್ನು ಆ ತಾಯಿ ತಾವೇ ಹೋಗಿ ಕರೆತಂದರು. ಅವರಿಗೂ ಪ್ಲೇಗ್ ತಗುಲಿತು. 1897ರ ಮಾರ್ಚ್ 10ರಂದು ತೀರಿಕೊಂಡ್ರು. ಅದಾದ ಕೆಲವೇ ದಿನಕ್ಕೆ ರ‍್ಯಾಂಡ್‌ನ ಶೋಧ ಶುರುವಾಯ್ತು.

ಸರ್ಕಾರ ಪಾಠ ಕಲೀತಾ? ಸ್ವಲ್ಪ ಕಲೀತು. 1898ರಲ್ಲಿ ಮುಂಬಯಿಯಲ್ಲಿ ಮತ್ತೆ ಗಲಭೆ ಆದ ಮೇಲೆ ಬಲವಂತ ಸಡಿಲವಾಯ್ತು. ಸಮುದಾಯದವರು ತಮ್ಮದೇ ಆಸ್ಪತ್ರೆ ನಡೆಸೋಕೆ ಅವಕಾಶ ಸಿಕ್ತು. ಹಾಫ್‌ಕಿನ್ ಎಂಬ ವಿಜ್ಞಾನಿ ಪ್ಲೇಗ್ ಲಸಿಕೆ ತಯಾರಿಸಿ 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡಿದ್ದ. ಖೋಜಾ ಸಮುದಾಯದ ಗುರು, ಇಪ್ಪತ್ತರ ಆಸುಪಾಸಿನ ಆಗಾ ಖಾನ್, ಎಲ್ಲರೆದುರು ಲಸಿಕೆ ಹಾಕಿಸಿಕೊಂಡ್ರು. ಅದನ್ನು ನೋಡಿ ಅವರ ಜನ ಮುಂದೆ ಬಂದ್ರು. ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ನಮ್ಮ ಹುಬ್ಬಳ್ಳಿಯಲ್ಲೂ 1898ರಲ್ಲಿ ಸಾವಿರಾರು ಜನ ಲಸಿಕೆ ಹಾಕಿಸಿಕೊಂಡ್ರು.

ಅದೇ 1898ರ ಆಗಸ್ಟ್‌ನಲ್ಲಿ ರೈಲು ಹತ್ತಿ ಪ್ಲೇಗ್ ಬೆಂಗಳೂರಿಗೂ ಬಂತು. ಮೈಸೂರು ಸಂಸ್ಥಾನದಲ್ಲೂ ಮೊದಮೊದಲು ಬಲವಂತ ಇತ್ತು. ಶ್ರೀರಂಗಪಟ್ಟಣದ ಬಳಿ ಗಲಭೆಯೇ ಆಯ್ತು. ಆದ್ರೆ ಸಂಸ್ಥಾನ ಬೇರೆ ಕೆಲಸವನ್ನೂ ಮಾಡಿತು. ಇಕ್ಕಟ್ಟಿನ ಪೇಟೆಯಿಂದ ಜನ ಹೊರಗೆ ಹೋಗೋಕೆ ಗಾಳಿ-ಬೆಳಕಿನ ಬಡಾವಣೆಗಳು ಬಂದ್ವು. ಅವೇ ಮಲ್ಲೇಶ್ವರ, ಬಸವನಗುಡಿ. 1900ರ ಡಿಸೆಂಬರ್‌ನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಬಾಗಿಲು ತೆರೀತು. ಇವತ್ತಿಗೂ ಬಡವರು ಅಲ್ಲಿಗೆ ಹೋಗ್ತಾರೆ. ಯಾವ ಸಿಪಾಯಿಯೂ ಎಳೆದುಕೊಂಡು ಹೋಗಬೇಕಿಲ್ಲ.

ಹಾಗಾದ್ರೆ ಸರ್ಕಾರ ಸುಮ್ಮನೆ ಕೂರಬೇಕಾ? ನನ್ನ ಮನೆ, ನನ್ನ ಮೈ, ನನ್ನಿಷ್ಟ ಅಂದ್ರೆ ಸಾಕಾ? ಸಾಲದು. ಪ್ಲೇಗ್ ಭಾರತದಲ್ಲಿ ಕೋಟಿ ಜನರನ್ನು ತಿಂದಿದೆ. ನನ್ನ ಮನೆಯ ರೋಗ ಗೋಡೆ ದಾಟಿ ಪಕ್ಕದ ಮನೆಯ ಕೂಸನ್ನು ಮುಟ್ಟುತ್ತೆ ಅಂದಾಗ, ತಡೆಯೋ ಹಕ್ಕು ಸಮಾಜಕ್ಕೆ ಇದ್ದೇ ಇದೆ. ಆದ್ರೆ ತಡೆಯುವ ಅಧಿಕಾರ ಕೊಡುವಾಗಲೇ ಲೆಕ್ಕ ಕೇಳುವ ಅಧಿಕಾರವನ್ನೂ ಜನರ ಕೈಗೆ ಕೊಡಬೇಕು. 1897ರ ಕಾಯ್ದೆ ಮೊದಲನೆಯದನ್ನು ಕೊಟ್ಟಿತು. ನಾಲ್ಕನೇ ಕಲಮಿನಲ್ಲಿ ಎರಡನೆಯದರ ಬಾಗಿಲು ಹಾಕಿತು.

2020 ನೆನಪಿದೆಯಲ್ಲ? ಕೈ ಮೇಲೆ ಕ್ವಾರಂಟೈನ್ ಸೀಲ್. ಮನೆಯಲ್ಲೇ ಇದ್ದೀವಿ ಅಂತ ತೋರಿಸೋಕೆ ಗಂಟೆಗೊಂದು ಸೆಲ್ಫಿ. ಕ್ವಾರಂಟೈನ್‌ನಲ್ಲಿ ಇರುವವರ ವಿಳಾಸದ ಪಟ್ಟಿ ಎಲ್ಲರ ಮೊಬೈಲಿನಲ್ಲಿ. ಅದರಲ್ಲಿ ಅಗತ್ಯ ಎಷ್ಟು, ಅವಮಾನ ಎಷ್ಟು?

ಈಗ 1897 ಇಲ್ಲ, ಸಂವಿಧಾನ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಕೇಸಿನಲ್ಲಿ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದ್ರು. 2022ರ ಮೇ 2ರಂದು ಅದೇ ಕೋರ್ಟ್, ಯಾರಿಗೂ ಬಲವಂತವಾಗಿ ಲಸಿಕೆ ಚುಚ್ಚುವಂತಿಲ್ಲ ಅಂದಿತು. ಜೊತೆಗೆ, ಸಾರ್ವಜನಿಕ ಆರೋಗ್ಯಕ್ಕಾಗಿ ಸರ್ಕಾರ ಮಿತಿಯಲ್ಲಿ ನಿರ್ಬಂಧ ಹಾಕಬಹುದು ಅಂತಲೂ ಹೇಳಿತು. ಎರಡೂ ಮಾತು ಒಂದೇ ತೀರ್ಪಿನಲ್ಲಿವೆ. ಚರ್ಚೆ ಮಾಡುವವರು ತಮಗೆ ಬೇಕಾದ ಅರ್ಧ ಮಾತ್ರ ಓದ್ತಾರೆ.

ಕಾನೂನಿನ ಪುಸ್ತಕ ಮಾತ್ರ ಹಳೇದೇ. 2020ರಲ್ಲಿ ಕೇಂದ್ರ ತಿದ್ದುಪಡಿ ತಂದಿತು, ವೈದ್ಯರ ಮೇಲೆ ಕೈ ಮಾಡುವವರಿಗೆ ಕಠಿಣ ಶಿಕ್ಷೆ ಸೇರಿಸಿತು. ಅದು ಬೇಕಿತ್ತು. ಕರ್ನಾಟಕ ತನ್ನದೇ ಕಾನೂನು ಮಾಡಿಕೊಂಡಿತು. ಕೇಂದ್ರದ ಕಾಯ್ದೆ ಸಾಲದು, ಸರಿಪಡಿಸಿ ಅಥವಾ ಹೊಸದು ಮಾಡಿ ಅಂತ ಕಾನೂನು ಆಯೋಗವೇ 2024ರಲ್ಲಿ ವರದಿ ಕೊಟ್ಟಿದೆ. ಮುಂದಿನ ರೋಗ ಬರೋಕೆ ಮುಂಚೆ ಆ ಕೆಲಸ ಆಗಬೇಕು. ಯಾರನ್ನು ಎಷ್ಟು ದಿನ ಕೂಡಿಹಾಕಬಹುದು, ಆ ದಿನಗಳ ಕೂಲಿ ಯಾರು ಕೊಡ್ತಾರೆ, ಹೆಸರು-ವಿಳಾಸ ಯಾರ ಕೈಗೆ ಹೋಗುತ್ತೆ, ಅಧಿಕಾರಿ ಮಿತಿ ಮೀರಿದ್ರೆ ದೂರು ಎಲ್ಲಿ ಕೊಡಬೇಕು? ಇಷ್ಟನ್ನು ಬರೆದಿಡಿ. ರೋಗ ಬಂದ ಮೇಲೆ ಬರೆಯೋಕೆ ಕೂತರೆ ಭಯ ಬರೆಸುತ್ತೆ. ಭಯ ಬರೆಸಿದ ಕಾನೂನು ಹೇಗಿರುತ್ತೆ ಅನ್ನೋದನ್ನು ಪುಣೆಯ ಜನ ಆಗಲೇ ಅನುಭವಿಸಿ ಹೋಗಿದ್ದಾರೆ.