ನಲ್ಲಿಯಿಂದ ತಟ್ಟೆಗೆ ಸರಿದ ನೀರಿನ ಲೆಕ್ಕ

ನೀರು ಉಳಿಸಿ ಎಂಬ ಉಪದೇಶ ಯಾವ ವೇದಿಕೆಯಿಂದ ಬಂದರೂ ಕೊನೆಗೆ ನಲ್ಲಿಯ ಬುಡಕ್ಕೇ ಬಂದು ನಿಲ್ಲುತ್ತದೆ. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ, ಷವರ್ ಬಿಟ್ಟು ಬಕೆಟ್‌ನಲ್ಲಿ ಸ್ನಾನ ಮಾಡಿ, ಪೈಪ್ ಹಿಡಿದು ಕಾರು ತೊಳೆಯಬೇಡಿ. ಮಾತಿನಲ್ಲಿ ತಪ್ಪಿಲ್ಲ, ಲೆಕ್ಕ ಮಾತ್ರ ಸಣ್ಣದು. ನಮ್ಮ ನಗರಗಳಿಗೆ ಸರ್ಕಾರ ಗೊತ್ತುಮಾಡಿರುವ ಮಾನದಂಡ ದಿನಕ್ಕೆ ತಲಾ 135 ಲೀಟರ್, ಅಂದರೆ ವರ್ಷಕ್ಕೆ ಸುಮಾರು 49 ಘನ ಮೀಟರ್. ಸರಾಸರಿ ಭಾರತೀಯನೊಬ್ಬ ಉಣ್ಣುವ, ಉಡುವ, ಬಳಸುವ ಎಲ್ಲದರ ಹಿಂದಿರುವ ನೀರನ್ನು ಕೂಡಿಸಿದರೆ ಅದು ವರ್ಷಕ್ಕೆ 1,089 ಘನ ಮೀಟರ್, ದಿನಕ್ಕೆ ಹತ್ತಿರಹತ್ತಿರ 3,000 ಲೀಟರ್. ಇದರಲ್ಲಿ ನಲ್ಲಿ ನೀರಿನದು ಇಪ್ಪತ್ತರಲ್ಲೊಂದು ಪಾಲಿಗೂ ಕಡಿಮೆ. ಈ ದೊಡ್ಡ ಲೆಕ್ಕವನ್ನು ಜಗತ್ತು ಹಾಕಲು ಕಲಿತು ಮೂವತ್ತು ಚಿಲ್ಲರೆ ವರ್ಷಗಳಾದವು. ಲೆಕ್ಕ ಬೆಳೆದಂತೆ ಅದರ ದೋಷಗಳೂ ಬೆಳಕಿಗೆ ಬಂದವು. ಈಗ ಅದು ನಮಗೆ ಹೇಳುತ್ತಿರುವುದು, ತಟ್ಟೆಯಲ್ಲಿ ಎಷ್ಟು ಲೀಟರ್ ಇದೆ ಎನ್ನುವುದಕ್ಕಿಂತ ಆ ಲೀಟರ್ ಯಾವ ನೆಲದಿಂದ ಬಂತು ಎಂಬುದನ್ನು ಮೊದಲು ನೋಡಿ ಎಂದು.

ಆರಂಭದ ಪ್ರಶ್ನೆಗೆ ಅಡುಗೆಮನೆಯ ಸಂಬಂಧವೇ ಇರಲಿಲ್ಲ. ಮಧ್ಯಪ್ರಾಚ್ಯದ ದೇಶಗಳಲ್ಲಿ ನೀರು ಇಷ್ಟು ಕಡಿಮೆ ಇದ್ದರೂ ಜನ ಹಸಿವಿನಿಂದ ಏಕೆ ಸಾಯುತ್ತಿಲ್ಲ, ನೀರಿಗಾಗಿ ಯುದ್ಧಗಳೇಕೆ ನಡೆಯುತ್ತಿಲ್ಲ ಎಂದು ಲಂಡನ್‌ನ ಭೂಗೋಳ ಪ್ರಾಧ್ಯಾಪಕ ಟೋನಿ ಅಲೆನ್ 1990ರ ದಶಕದ ಆರಂಭದಲ್ಲಿ ಕೇಳಿಕೊಂಡರು. ಉತ್ತರ ಬಂದರುಗಳಲ್ಲಿತ್ತು. ಒಂದು ಟನ್ ಗೋಧಿ ಬೆಳೆಯಲು ಸುಮಾರು ಸಾವಿರ ಟನ್ ನೀರು ಬೇಕು. ಗೋಧಿಯ ಹಡಗು ಬಂತೆಂದರೆ ಅಷ್ಟು ನೀರು ಬಂದಂತೆಯೇ. ಇದಕ್ಕೆ ಅವರಿಟ್ಟ ಹೆಸರು ‘ವರ್ಚುವಲ್ ವಾಟರ್’. 2008ರಲ್ಲಿ ಅವರಿಗೆ ಸ್ಟಾಕ್‌ಹೋಮ್ ಜಲ ಪ್ರಶಸ್ತಿ ಬಂತು. ಇನ್ನೊಂದು ಕಡೆ ಸ್ವೀಡನ್ನಿನ ಮಾಲಿನ್ ಫಾಲ್ಕನ್‌ಮಾರ್ಕ್, ನದಿ, ಜಲಾಶಯ, ಅಂತರ್ಜಲಗಳನ್ನಷ್ಟೇ ನೀರೆಂದು ಎಣಿಸುತ್ತಿದ್ದ ಎಂಜಿನಿಯರುಗಳ ಗಮನವನ್ನು ಹೊಲದ ಮಣ್ಣಿನಲ್ಲಿ ಇಂಗಿದ ಮಳೆಯ ಕಡೆಗೆ ತಿರುಗಿಸಿದರು. ನದಿ, ಬಾವಿಗಳದು ನೀಲಿ ನೀರು, ಮಣ್ಣಿನ ತೇವದ್ದು ಹಸಿರು ನೀರು. ಈ ಎರಡೂ ಎಳೆಗಳನ್ನು ಸೇರಿಸಿ, 2002ರಲ್ಲಿ ನೆದರ್ಲೆಂಡ್ಸ್‌ನ ಆರ್ಯೆನ್ ಹುಕ್‌ಸ್ಟ್ರಾ ಪ್ರತಿಯೊಬ್ಬ ಬಳಕೆದಾರನ ತಲೆಗೂ ಲೆಕ್ಕ ಕಟ್ಟುವ ‘ವಾಟರ್ ಫುಟ್‌ಪ್ರಿಂಟ್’ ಅಥವಾ ಜಲಹೆಜ್ಜೆ ಎಂಬ ಅಳತೆ ತಂದರು. ಹತ್ತು ವರ್ಷಗಳ ನಂತರ ಅವರೂ ಸಂಶೋಧಕ ಮೆಕೊನ್ನೆನ್ ಅವರೂ ಪ್ರಕಟಿಸಿದ ಜಾಗತಿಕ ಲೆಕ್ಕದಲ್ಲಿ ಮನುಕುಲದ ಜಲಹೆಜ್ಜೆಯ ಶೇ. 92ರಷ್ಟು ಕೃಷಿಯದೇ ಆಗಿತ್ತು. ಮೇಲೆ ಹೇಳಿದ 1,089ರ ಅಂಕಿಯೂ ಅದರದೇ. ಅಲ್ಲಿ ಅಮೆರಿಕದವನ ಪಾಲು 2,842 ಘನ ಮೀಟರ್.

ಪತ್ರಿಕೆಗಳು ಹಿಡಿದುಕೊಂಡದ್ದು ಆಹಾರದ ಪಟ್ಟಿಯನ್ನು. ಕಿಲೋ ದನದ ಮಾಂಸಕ್ಕೆ ಸರಾಸರಿ 15,400 ಲೀಟರ್, ಕೋಳಿಗೆ 4,300, ಬೇಳೆಕಾಳಿಗೆ 4,000, ಕಬ್ಬಿನ ಸಕ್ಕರೆಗೆ 1,780. ಬೇಳೆಯೂ ಕೋಳಿಯೂ ಅಕ್ಕಪಕ್ಕ ನಿಂತದ್ದು ಕಂಡು ಹುಬ್ಬೇರಿಸಿದವರಿದ್ದಾರೆ. ತೂಕದ ಬದಲು ಪ್ರೋಟೀನ್ ಲೆಕ್ಕಕ್ಕೆ ಬಂದರೆ ಚಿತ್ರ ಸ್ಪಷ್ಟ: ಒಂದು ಗ್ರಾಂ ಪ್ರೋಟೀನಿಗೆ ಬೇಳೆಕಾಳು 19 ಲೀಟರ್ ಕೇಳಿದರೆ ಮೊಟ್ಟೆ 29, ಹಾಲು 31, ಕೋಳಿ 34, ದನದ ಮಾಂಸ 112. ಹಾಗೆಂದು ಸಸ್ಯಾಹಾರಿಗಳು ಬೀಗುವಂತಿಲ್ಲ. ಹಾಲು ಕೋಳಿಗಿಂತ ಬಹಳ ಹಿಂದೇನೂ ಇಲ್ಲ. ಅನ್ನ, ಸಕ್ಕರೆ, ತುಪ್ಪಗಳ ಊಟ ಎಷ್ಟೇ ಸಾತ್ವಿಕವಾಗಿದ್ದರೂ ನೀರಿನ ಮಟ್ಟಿಗೆ ಮಿತವಾದುದಲ್ಲ. ಜೊತೆಗೆ ಜಾಗತಿಕ ಸರಾಸರಿಯನ್ನು ನಮ್ಮ ಹುಲ್ಲು, ಜೋಳದ ಕಡ್ಡಿ ತಿನ್ನುವ ದನಕ್ಕೆ ಹಾಗೆಯೇ ಅಂಟಿಸಲೂ ಬಾರದು.

ಗಟ್ಟಿಯಾದ ಆಕ್ಷೇಪ ಬಂದದ್ದು ಇಲ್ಲಿಂದಲೇ. ಒಂದು ಕಪ್ ಕಾಫಿಗೆ 130 ಲೀಟರ್ ಎಂದರೆ ಭಯವಾಗುತ್ತದೆ. ಅದರಲ್ಲಿ ಹೆಚ್ಚಿನದು ತೋಟದ ಮೇಲೆ ಬಿದ್ದ ಮಳೆ. ಕಾಫಿ ಕುಡಿಯುವುದನ್ನು ಬಿಟ್ಟರೆ ಆ ಮಳೆ ಬರಗಾಲದ ಊರಿಗೆ ಹೋಗಿ ಸುರಿಯುವುದಿಲ್ಲ. ಸ್ಟೀಫನ್ ಫಿಸ್ಟರ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದ ದಾರಿಯಲ್ಲಿ ಲೀಟರುಗಳನ್ನು ಬರೀ ಕೂಡಿಸದೆ, ಆಯಾ ಪ್ರದೇಶದ ಅಭಾವಕ್ಕೆ ತಕ್ಕ ತೂಕ ಕೊಟ್ಟು ಎಣಿಸುವ ಕ್ರಮ ಬೆಳೆಯಿತು. 2014ರಲ್ಲಿ ಅದಕ್ಕೊಂದು ಅಂತರರಾಷ್ಟ್ರೀಯ ಐಎಸ್‌ಒ ಮಾನಕವೂ ಬಂತು. ಈ ತಿದ್ದುಪಡಿಯಿಂದ ಹುಕ್‌ಸ್ಟ್ರಾ ಅವರ ಕೆಲಸ ಹುಸಿಯಾಗಲಿಲ್ಲ, ಎಲ್ಲಿ ನೋಡಬೇಕು ಎಂಬುದು ಖಚಿತವಾಯಿತು. ಪಂಜಾಬ್, ಹರಿಯಾಣ, ರಾಜಸ್ಥಾನಗಳ ನೆಲದಡಿಯಿಂದ 2002ರ ಆಗಸ್ಟ್‌ನಿಂದ 2008ರ ಅಕ್ಟೋಬರ್‌ವರೆಗೆ 109 ಘನ ಕಿಲೋಮೀಟರ್ ನೀರು ಬರಿದಾಯಿತೆಂದು ಗ್ರೇಸ್ ಉಪಗ್ರಹಗಳ ಅಳತೆಯಿಂದ ತಿಳಿಯಿತು. ಕೊಳವೆಬಾವಿ ನಂಬಿದ ಅಲ್ಲಿನ ಭತ್ತಕ್ಕೂ ಮಲೆನಾಡಿನ ಮಳೆಯಾಧಾರಿತ ಭತ್ತಕ್ಕೂ ಒಂದೇ ಅಂಕಿ ಕೊಡುವ ಪಟ್ಟಿ ಓದುಗನ ದಾರಿ ತಪ್ಪಿಸುತ್ತದೆ.

ಇದೇ ತರ್ಕ ನಲ್ಲಿಗೂ ಅನ್ವಯಿಸುತ್ತದೆ. ಮನೆಯ ನೀರು ಬಹುಪಾಲು ಚರಂಡಿಗೆ ಹೋಗುತ್ತದೆ, ಶುದ್ಧೀಕರಿಸಿದರೆ ಮರಳಿ ಸಿಗುತ್ತದೆ. ಬೆಂಗಳೂರಿನ ಬಚ್ಚಲು ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿರುವುದು ಹಾಗೆಯೇ. ಬೆಳೆ ಕುಡಿದದ್ದು ಆವಿಯಾಗಿ ಹೋಗುತ್ತದೆ. ಹಾಗಾದರೆ ಮನೆಯಲ್ಲಿ ಉಳಿಸಿ ಏನು ಫಲ? ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಮೇಲೆತ್ತಿ ತರುವ ಊರಿನಲ್ಲಿ ಉಳಿದ ಪ್ರತಿ ಬಿಂದಿಗೆಯೂ ವಿದ್ಯುತ್ತಿನ ಉಳಿತಾಯ, ಬೇಸಿಗೆಯಲ್ಲಿ ಪಕ್ಕದ ಬೀದಿಯ ಪಾಲು. ಅದು ಊರಿನ ಹಂಚಿಕೆಯ ಪ್ರಶ್ನೆ. ಅದನ್ನೇ ಲೋಕದ ನೀರಿನ ಪರಿಹಾರವೆಂದು ಸಾರುವುದು ಅತಿಶಯೋಕ್ತಿ. ಅದಕ್ಕಿಂತ ಅನ್ನ ಚೆಲ್ಲದಿರುವುದು ದೊಡ್ಡದು. ಜಗತ್ತಿನ ಆಹಾರದಲ್ಲಿ ಮೂರನೇ ಒಂದರಷ್ಟು ಹಾಳಾಗುತ್ತದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2011ರಲ್ಲೇ ಅಂದಾಜಿಸಿತ್ತು.

ಉಳಿದದ್ದು ಕೊನೆಯ, ಹೆಚ್ಚು ಕಷ್ಟದ ಆಕ್ಷೇಪ: ಒಂದು ಮನೆ ಅನ್ನ ಕಡಿಮೆ ಮಾಡಿ ಮುದ್ದೆ ಉಂಡರೆ ಪಂಜಾಬಿನ ಪಂಪು ನಿಲ್ಲುತ್ತದೆಯೇ? ನಿಲ್ಲುವುದಿಲ್ಲ. ಬೆಂಬಲ ಬೆಲೆಯ ಖರೀದಿ, ಉಚಿತ ವಿದ್ಯುತ್, ರಫ್ತು ಇವು ಇರುವವರೆಗೆ ಅಲ್ಲಿ ಭತ್ತ ಬೆಳೆಯುವುದು ರೈತನಿಗೆ ಜಾಣತನವೇ. ಭತ್ತದ ಬದಲು ಮೆಕ್ಕೆಜೋಳ, ರಾಗಿ, ಸಜ್ಜೆ, ಜೋಳ ಬೆಳೆದರೆ ಭಾರತದ ಧಾನ್ಯಗಳ ನೀರಾವರಿ ಬೇಡಿಕೆ ಶೇ. 33ರಷ್ಟು ತಗ್ಗಿ, ಕಬ್ಬಿಣಾಂಶ ಮತ್ತು ಸತುವಿನ ಉತ್ಪಾದನೆ ಏರಬಹುದೆಂದು ಕೈಲ್ ಡೇವಿಸ್ ಮತ್ತು ಸಂಗಡಿಗರ 2018ರ ಅಧ್ಯಯನ ಹೇಳಿತು. ಕೆಲವೆಡೆ ಭತ್ತದ ಇಳುವರಿಯೇ ಹೆಚ್ಚು ಎಂಬುದು ನಿಜ. ಆದ್ದರಿಂದ ಎಲ್ಲೆಡೆ ಒಂದೇ ಮದ್ದು ನಡೆಯದು. ನೀರು ಬತ್ತುತ್ತಿರುವ ಜಿಲ್ಲೆಗಳಲ್ಲಾದರೂ ಖರೀದಿಯ ಹಣ ಸಿರಿಧಾನ್ಯಕ್ಕೆ ತಿರುಗಬೇಕು, ಹಾಗೆ ಕೊಂಡದ್ದನ್ನು ಉಣ್ಣುವ ಮನೆಗಳೂ ಇರಬೇಕು. ಕರ್ನಾಟಕ ಬೆಂಬಲ ಬೆಲೆಗೆ ರಾಗಿ ಕೊಂಡು ದಕ್ಷಿಣದ ಜಿಲ್ಲೆಗಳ ಪಡಿತರದಲ್ಲಿ ಕೊಡುತ್ತಿದೆ, ಉತ್ತರದಲ್ಲಿ ಜೋಳ. ನ್ಯಾಯಬೆಲೆ ಅಂಗಡಿಯ ಆ ರಾಗಿಯನ್ನು ಮಾರಿಕೊಳ್ಳದೆ ಮನೆಗೆ ಒಯ್ಯಿರಿ, ಸಿಗದಿದ್ದರೆ ಕೇಳಿ.